ನೀನು ಬೈದಿದ್ದಕ್ಕಲ್ಲ ಅಮ್ಮ

ಬೆಳಗಿನ ಜಾವ ಊರಿಂದ ಫೋನ್ ಬಂದರೆ ಅದು ಒಳ್ಳೆ ಸುದ್ದಿ ಆಗಿರೋದಿಲ್ಲ ಅನ್ನೋದು ಬೆಂಗಳೂರಿನಲ್ಲಿ ಕೆಲಸ ಮಾಡುವ ನಮ್ಮಂಥವರಿಗೆಲ್ಲ ಗೊತ್ತು. ಹೋದ ವರ್ಷ ಮಳೆಗಾಲದ ಒಂದು ಶುಕ್ರವಾರ, ಐದೂ ಮುಕ್ಕಾಲಿಗೆ ಅಮ್ಮನ ಫೋನ್. "ಪುಟ್ಟೀ, ನಿಮ್ಮಪ್ಪಂಗೆ ಏಳೋಕೇ ಆಗ್ತಿಲ್ಲ ಕಣೆ. ಬಲಗೈ ಎತ್ತೋಕೆ ಬರ್ತಿಲ್ಲ. ಮಾತು ತೊದಲ್ತಿದೆ."

ವಿಡಿಯೊ ಕಾಲ್ ಮಾಡಿದೆ. ಅಪ್ಪ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ನನ್ನನ್ನು ನೋಡಿ ನಗಲು ಪ್ರಯತ್ನಿಸಿದರು. ಬಾಯಿ ಒಂದೇ ಕಡೆಗೆ ಎಳೆಯಿತು. ಅರವತ್ತೆರಡು ವರ್ಷದ, ನಿನ್ನೆ ತನಕ ತೋಟದಲ್ಲಿ ಅಡಿಕೆ ಗೊನೆ ಹೊರುತ್ತಿದ್ದ ನಮ್ಮಪ್ಪನ ನಗು ಹಾಗೆ ಅರ್ಧಕ್ಕೇ ನಿಂತಿದ್ದನ್ನು ಇವತ್ತಿಗೂ ಮರೆಯೋಕೆ ಆಗಿಲ್ಲ.

ನಮ್ಮ ಕುಟುಂಬ ಮೂರು ಊರುಗಳಲ್ಲಿ ಹಂಚಿಹೋಗಿದೆ. ಅಪ್ಪ ಅಮ್ಮ ಅಜ್ಜಂಪುರದ ಹತ್ತಿರದ ಹಳ್ಳಿಯಲ್ಲಿ. ಅಕ್ಕನನ್ನು ಕೊಟ್ಟಿರೋದು ತರೀಕೆರೆಗೆ. ಅಮ್ಮನ ತಮ್ಮ, ನಮ್ಮ ಸೋದರಮಾವ, ಕಡೂರಿನಲ್ಲಿ ಮೆಡಿಕಲ್ ಶಾಪ್ ಇಟ್ಟಿದ್ದಾರೆ. ಹಬ್ಬಕ್ಕೆ ಯಾರ ಮನೆಗೆ ಹೋಗೋದು ಅಂತ ಪ್ರತಿ ವರ್ಷ ನಡೆಯುವ ಎಳೆದಾಟ ಅವತ್ತು ಬೆಳಿಗ್ಗೆ ಕಾನ್ಫರೆನ್ಸ್ ಕಾಲ್‌ನಲ್ಲಿ ನಡೆಯಿತು. "ಈ ಕಡೆ ಕರ್ಕೊಂಡು ಬನ್ನಿ, ನನಗೆ ಡಾಕ್ಟರ್ ಪರಿಚಯ ಇದಾರೆ" ಅಂತ ಕಡೂರಿನ ಮಾವ. "ತರೀಕೆರೆಗೆ ಬರ್ಲಿ, ಇಲ್ಲಿಂದ ಶಿವಮೊಗ್ಗ ಹತ್ತಿರ" ಅಂತ ಅಕ್ಕ. ಪಕ್ಕದ ಮನೆಯ ದೊಡ್ಡಮ್ಮ, "ಲಕ್ವಕ್ಕೆ ನಾಟಿ ಔಷಧಿ ಕೊಡೋರು ಇದಾರೆ, ಮೊದ್ಲು ಅಲ್ಲಿಗೆ" ಅಂತ. ಹೀಗೆ ಹತ್ತು ನಿಮಿಷ ಹೋಯಿತು.

ಆಮೇಲೆ ಎಲ್ಲೋ ಓದಿದೆ. ಮೆದುಳಿನ ದೊಡ್ಡ ರಕ್ತನಾಳ ಕಟ್ಟಿಕೊಂಡರೆ ಚಿಕಿತ್ಸೆ ಸಿಗದ ಪ್ರತಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಅಂತ 2006ರಲ್ಲೇ ಲೆಕ್ಕ ಹಾಕಿದ್ದಾರಂತೆ. ಆ ಹತ್ತು ನಿಮಿಷ ಈಗಲೂ ನನ್ನ ಲೆಕ್ಕದಲ್ಲಿ ಬಾಕಿ ಇದೆ.

ಅಷ್ಟರಲ್ಲಿ ಮಾವ ಇನ್ನೊಂದು ಸಲಹೆ ಕೊಟ್ಟರು. "ಒಂದು ಆಸ್ಪಿರಿನ್ ಮಾತ್ರೆ ಅಗಿಯೋಕೆ ಕೊಡ್ರಿ." ಹಾರ್ಟ್ ಅಟ್ಯಾಕ್‌ಗೆ ಕೊಡೋದನ್ನು ಅವರು ನೂರು ಸಲ ನೋಡಿದ್ದಾರೆ. ಅಮ್ಮ ಮಾತ್ರೆ ಹುಡುಕಿ ನೀರು ತರುವಷ್ಟರಲ್ಲಿ ಅಕ್ಕನ ಗಂಡ ಕಾರು ತಂದಿದ್ದರು. ಮಾತ್ರೆ ಅಲ್ಲೇ ಉಳಿಯಿತು. ದಾರಿಯಲ್ಲಿ ಸಿಕ್ಕ ಮೊದಲ ಆಸ್ಪತ್ರೆಯ ಯುವ ಡಾಕ್ಟರ್ ಬಿಪಿ ನೋಡಿ, ಬೆರಳಿಗೆ ಚುಚ್ಚಿ ಶುಗರ್ ನೋಡಿ, ಕೇಳಿದ ಮೊದಲ ಪ್ರಶ್ನೆ: "ಏನಾದ್ರೂ ಮಾತ್ರೆ ಕೊಟ್ರಾ?" ಇಲ್ಲ ಅಂದಾಗ, "ಒಳ್ಳೇದಾಯ್ತು. ಇದು ರಕ್ತ ಹೆಪ್ಪುಗಟ್ಟಿದ್ದೋ, ನಾಳ ಒಡೆದಿದ್ದೋ ಸಿಟಿ ಸ್ಕ್ಯಾನ್ ಇಲ್ಲದೆ ನನಗೂ ಹೇಳೋಕಾಗಲ್ಲ. ಒಡೆದಿದ್ರೆ ಆಸ್ಪಿರಿನ್ ಕೊಟ್ಟರೆ ಕಷ್ಟ. ನುಂಗೋಕೂ ತೊಂದ್ರೆ ಇರುತ್ತೆ, ನೀರು ಕೂಡ ಕೊಡಬೇಡಿ. ಇಲ್ಲಿ ಸ್ಕ್ಯಾನ್ ಇಲ್ಲ, ನಿಲ್ಲಬೇಡಿ, ಹೊರಡಿ" ಅಂದರಂತೆ.

ಶಿವಮೊಗ್ಗ ಮುಟ್ಟಿದಾಗ ಎಂಟು ಗಂಟೆ ದಾಟಿತ್ತು. ಸಿಟಿಯಲ್ಲಿ ರಕ್ತಸ್ರಾವ ಇರಲಿಲ್ಲ. ಅಂದರೆ ಹೆಪ್ಪು. ನಮಗೆ ಜೀವ ಬಂದಂತಾಯಿತು. ಆದರೆ ನರರೋಗ ತಜ್ಞರು ಕೇಳಿದ ಪ್ರಶ್ನೆಗೆ ಮತ್ತೆ ಎದೆ ಧಸಕ್ ಅಂದಿತು. "ಇವರು ಕೊನೇ ಸಲ ಪೂರ್ತಿ ಸರಿಯಾಗಿದ್ದನ್ನು ನೀವು ನೋಡಿದ್ದು ಎಷ್ಟೊತ್ತಿಗೆ?" ಎದ್ದ ಹೊತ್ತು ಅಲ್ಲ, ಕೊನೇ ಸಲ ಸರಿಯಾಗಿದ್ದ ಹೊತ್ತು. ರಾತ್ರಿ ಹತ್ತು ಗಂಟೆ. ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ಇರುವ ಗಡುವು ನಾಲ್ಕೂವರೆ ಗಂಟೆ. ನಿದ್ದೆಯಲ್ಲಿ ಯಾವಾಗ ಆಯಿತು ಅಂತ ಯಾರಿಗೆ ಗೊತ್ತು? ಎಂಆರ್‌ಐ ನೋಡಿ, ಗಡುವು ಮೀರಿದೆ ಅಂದರು. ಎಳೆದು ತೆಗೆಯುವಂಥ ದೊಡ್ಡ ನಾಳದ ಅಡ್ಡಿಯೂ ಇರಲಿಲ್ಲ. ಇನ್ನು ಮಾತ್ರೆ, ಫಿಸಿಯೊಥೆರಪಿ ಮತ್ತು ತಾಳ್ಮೆ.

ನಾನು ಬಿ.ಎಚ್. ರೋಡಿನಲ್ಲಿ ತಿಪಟೂರು, ಅರಸೀಕೆರೆ, ಕಡೂರು, ತರೀಕೆರೆ ದಾಟಿ ಮಧ್ಯಾಹ್ನ ಆಸ್ಪತ್ರೆ ತಲುಪಿದಾಗ, ಅಮ್ಮ ಕಾರಿಡಾರಿನ ಬೆಂಚಿನ ಮೇಲೆ ಸೆರಗು ಬಾಯಿಗೆ ಒತ್ತಿ ಕೂತಿದ್ದಳು. ನನ್ನ ಕೈ ಹಿಡಿದು ಮೆಲ್ಲಗೆ ಹೇಳಿದಳು. "ನಾನೇ ಕಣೆ ಮಾಡಿದ್ದು. ರಾತ್ರಿ ಬೈದುಬಿಟ್ಟೆ. ಊಟಾನೂ ಮಾಡದೆ ಮಲಗಿದ್ರು."

ಜಗಳ ಬೋರ್‌ವೆಲ್ ಸಾಲದ್ದು. ಮೂರನೇ ಬೋರ್ ಕೂಡ ನೀರು ಬರದೆ ಹೋಗಿತ್ತು. ಅಪ್ಪ ನಾಲ್ಕನೆಯದಕ್ಕೆ ಸಾಲ ಮಾಡುತ್ತೇನೆ ಅಂದಿದ್ದರು. ಅಮ್ಮ ಜೋರು ಮಾಡಿದ್ದಳು. ನಮ್ಮ ಕಡೆ ಮನೆಮನೆಯಲ್ಲೂ ನಡೆಯುವ ಜಗಳ. ಆದರೆ ಆ ಜಗಳದ ಮಾರನೇ ಬೆಳಿಗ್ಗೆ ಗಂಡನ ಬಾಯಿ ಸೊಟ್ಟ ಆಗಿದ್ದನ್ನು ನೋಡಿದ ಹೆಂಗಸಿಗೆ ಯಾವ ಸಮಾಧಾನ ಹೇಳೋದು?

ನೋಡಲು ಬಂದ ನೆಂಟರು ಒಬ್ಬೊಬ್ಬರೂ ಒಂದೊಂದು ಕಾರಣ ತಂದರು. ರಾತ್ರಿ ಹೊತ್ತು ತಲೆಗೆ ನೀರು ಹಾಕಿಕೊಂಡಿದ್ದು, ಮಳೆಯಲ್ಲಿ ನೆನೆದಿದ್ದು, ಮೊಸರನ್ನ, ಶನಿ, ಯಾರದೋ ಕಣ್ಣು. ನಮ್ಮ ಅಜ್ಜಿಗೆ ಲಕ್ವ ಹೊಡೆದಾಗ ನಾನು ಇನ್ನೂ ಶಾಲೆಗೆ ಸೇರಿರಲಿಲ್ಲ. ಅವಳಿಗೆ ಗಾಳಿ ಸೋಕಿದೆ ಅಂತ ತೀರ್ಮಾನ ಮಾಡಿ, ಮೂರು ವರ್ಷ ಹಾಸಿಗೆಯಲ್ಲಿ ನೋಡಿಕೊಂಡೆವು. ಯಾಕಾಯಿತು ಅಂತ ಯಾರೂ ಡಾಕ್ಟರನ್ನು ಕೇಳಲಿಲ್ಲ. ಎರಡನೇ ಸಲ ಹೊಡೆದಾಗ ಅಜ್ಜಿ ಹೋಗಿಬಿಟ್ಟಳು.

ನಮ್ಮ ಆಫೀಸಿನಲ್ಲಿ ಸರ್ವರ್ ಬಿದ್ದರೆ, ಎಬ್ಬಿಸಿ ನಿಲ್ಲಿಸಿದ ಮೇಲೆ ಕೆಲಸ ಮುಗಿಯೋದಿಲ್ಲ. ಆರ್‌ಸಿಎ ಬರೀಬೇಕು, ಅಂದರೆ ಮೂಲ ಕಾರಣದ ವರದಿ. ಯಾಕೆ ಬಿತ್ತು ಅಂತ ಗೊತ್ತಾಗದಿದ್ದರೆ ಮತ್ತೆ ಬೀಳುತ್ತದೆ, ಅಷ್ಟೇ. ಹಾಗಾಗಿ ನಾನು ಡಾಕ್ಟರನ್ನು ಕೇಳಿದೆ: "ಸರ್, ಅಪ್ಪನಿಗೆ ಯಾಕಾಯ್ತು?"

ಅವರಿಗೆ ಖುಷಿಯಾಯಿತು ಅನ್ನಿಸುತ್ತೆ. ಚೀಟಿಯ ಹಿಂದೆ ಐದು ಗೆರೆ ಎಳೆದರು. ಹೆಪ್ಪಿನಿಂದ ಆಗುವ ಸ್ಟ್ರೋಕನ್ನು ಕಾರಣದ ಮೇಲೆ ಐದು ಗುಂಪು ಮಾಡುವ ಟೋಸ್ಟ್ ಅನ್ನುವ ಪದ್ಧತಿ 1993ರಿಂದ ಇದೆಯಂತೆ. ಒಂದು, ಕುತ್ತಿಗೆಯ ಅಥವಾ ಮೆದುಳಿನ ದೊಡ್ಡ ನಾಳದಲ್ಲಿ ಕೊಬ್ಬು ಕಟ್ಟಿದ್ದು. ಎರಡು, ಹೃದಯದಲ್ಲಿ ಹೆಪ್ಪುಗಟ್ಟಿ ಅಲ್ಲಿಂದ ಹಾರಿಬಂದದ್ದು. ಮೂರು, ಬಿಪಿ, ಶುಗರ್‌ನಿಂದ ಮೆದುಳಿನೊಳಗಿನ ಸಣ್ಣ ನಾಳ ಕೆಟ್ಟದ್ದು. ನಾಲ್ಕು, ಅಪರೂಪದ ಬೇರೆ ಕಾರಣ. ಐದು, ಕಾರಣ ನಿರ್ಧಾರವಾಗದ್ದು. "ಇದು ಬರೀ ಹೆಸರಿನ ವಿಷಯ ಅಲ್ಲಮ್ಮ. ಒಂದು, ಮೂರಕ್ಕೆ ಆಸ್ಪಿರಿನ್ ತರದ ಮಾತ್ರೆ ಸಾಕಾಗುತ್ತೆ. ಎರಡನೆಯದು, ಅದರಲ್ಲೂ ಹೃದಯದ ಲಯ ತಪ್ಪಿದ್ದಾದ್ರೆ ಬೇರೆ ತರದ್ದು, ರಕ್ತ ಹೆಪ್ಪುಗಟ್ಟದ ಹಾಗೆ ತಡೆಯೋ ಮಾತ್ರೆ ಬೇಕು. ಗುಂಪು ತಪ್ಪಿದ್ರೆ ಮಾತ್ರೆ ತಪ್ಪುತ್ತೆ, ಮಾತ್ರೆ ತಪ್ಪಿದ್ರೆ ಇನ್ನೊಂದು ಸ್ಟ್ರೋಕ್."

ಅಪ್ಪನ ಕುತ್ತಿಗೆಯ ಡಾಪ್ಲರ್ ಮಾಡಿದರು, ನಾಳ ಚೆನ್ನಾಗಿತ್ತು. ಇಸಿಜಿ ಸರಿ ಇತ್ತು. ಎಕೋದಲ್ಲಿ ಹೃದಯದ ಎಡ ಮೇಲ್ಕೋಣೆ ಸ್ವಲ್ಪ ಹಿಗ್ಗಿದೆ ಅಂದರು, ಬೇರೇನೂ ಇಲ್ಲ. 24 ಗಂಟೆಯ ಹೋಲ್ಟರ್ ಕಟ್ಟಿದರು, ಅದರಲ್ಲೂ ಲಯ ಸರಿಯಾಗಿತ್ತು. ಡಿಸ್‌ಚಾರ್ಜ್ ಚೀಟಿಯಲ್ಲಿ ಬಂದದ್ದು ಐದನೇ ಗುಂಪು. ಹೆಪ್ಪಿನ ಸ್ಟ್ರೋಕ್‌ಗಳಲ್ಲಿ ಸುಮಾರು ಕಾಲು ಭಾಗ ಹೀಗೆ ಕಾರಣ ಸಿಗದೇ ಉಳಿಯುತ್ತವಂತೆ. ಅಮ್ಮ ಚೀಟಿ ಓದಿಸಿಕೊಂಡು ಕೇಳಿದಳು: "ಕಾರಣ ಇಲ್ಲ ಅಂತ ಬರ್ದಿದಾರಾ? ಹಂಗಾದ್ರೆ ನಂದೇ."

ಅವತ್ತು ರಾತ್ರಿಯಿಂದ ನಾನು ಓದತೊಡಗಿದೆ. ಎಂಜಿನಿಯರ್‌ಗಳಿಗೆ ಒಂದು ಕೆಟ್ಟ ಚಟ, ಎಲ್ಲೋ ಒಂದು ಲಾಗ್ ಫೈಲ್ ಇದ್ದೇ ಇರುತ್ತೆ ಅನ್ನುವ ನಂಬಿಕೆ. ಆ ಲಾಗ್ ರಕ್ತದಲ್ಲಿ ಇರಬಹುದು ಅಂತ ಜಗತ್ತಿನಾದ್ಯಂತ ಹುಡುಕುತ್ತಿದ್ದಾರೆ ಅಂತ ತಿಳಿಯಿತು. ಮೆದುಳು, ಹೃದಯ, ನಾಳಗಳು ತೊಂದರೆಗೆ ಸಿಕ್ಕಾಗ ತಮ್ಮ ತಮ್ಮ ಗುರುತಿನ ಪ್ರೋಟೀನುಗಳನ್ನು ರಕ್ತಕ್ಕೆ ಬಿಡುತ್ತವೆ. ಇವಕ್ಕೆ ಬಯೋಮಾರ್ಕರ್ ಅಂತ ಹೆಸರು. ಹಾರ್ಟ್ ಅಟ್ಯಾಕ್‌ಗೆ ಟ್ರೋಪೋನಿನ್ ಟೆಸ್ಟ್ ಮಾಡುತ್ತಾರಲ್ಲ, ಅದೇ ಜಾತಿ.

ಅರೆಬರೆ ಓದಿದ ಹುರುಪಿನಲ್ಲಿ ನಾನೊಂದು ತಪ್ಪು ಮಾಡಿದೆ. ಡಾಕ್ಟರನ್ನು ಕೇಳದೆ ಆನ್‌ಲೈನಿನಲ್ಲಿ ದೊಡ್ಡದೊಂದು ರಕ್ತ ಪರೀಕ್ಷೆಯ ಪ್ಯಾಕೇಜ್ ಬುಕ್ ಮಾಡಿದೆ. ವರದಿಯಲ್ಲಿ ಹೋಮೋಸಿಸ್ಟೀನ್ ಜಾಸ್ತಿ, ಬಿ12 ಕಮ್ಮಿ, ಸಿಆರ್‌ಪಿ ಜಾಸ್ತಿ, ಎಲ್ಲದರ ಮುಂದೆ ಕೆಂಪು ಗುರುತು. ಸಿಕ್ಕಿತು ಕಾರಣ ಅಂತ ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿಯೂ ಬಿಟ್ಟೆ. ಮಾವ ಆ ಸಂಜೆಯೇ ಒಂದು ಡಬ್ಬಿ ಬಿ12 ಮಾತ್ರೆ ಕಳಿಸಿದರು.

ಮುಂದಿನ ಭೇಟಿಯಲ್ಲಿ ಡಾಕ್ಟರ್ ಅದನ್ನು ನೋಡಿ ನಕ್ಕರು. "ನಿಮ್ಮ ಮನೆಯಲ್ಲಿ ಎಲ್ಲರೂ ಸಸ್ಯಾಹಾರಿಗಳಾ? ಹಾಗಾದ್ರೆ ನೀವೂ ಟೆಸ್ಟ್ ಮಾಡಿಸಿ, ನಿಮಗೂ ಕೆಂಪು ಗುರುತು ಬರಬಹುದು. ಬಿ12 ಕಮ್ಮಿ ಇದ್ರೆ ಕೊಡೋಣ, ತಪ್ಪಿಲ್ಲ. ಆದ್ರೆ ಇದೇ ಕಾರಣ ಅಂತ ಅಲ್ಲ." ಹೋಮೋಸಿಸ್ಟೀನ್ ಇಳಿಸಿದರೆ ಸ್ಟ್ರೋಕ್ ತಪ್ಪುತ್ತಾ ಅಂತ ನೋಡಲು ಎಂಟು ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆಸಿದ, ಬಿ ವಿಟಮಿನ್ ಪರೀಕ್ಷಿಸುವ ವಿಟಾಟಾಪ್ಸ್ ಅನ್ನುವ ಪ್ರಯೋಗದ ಫಲಿತಾಂಶ 2010ರಲ್ಲಿ ಬಂತು, ಹೇಳಿಕೊಳ್ಳುವಂಥ ಲಾಭ ಸಿಗಲಿಲ್ಲವಂತೆ. ಸಿಆರ್‌ಪಿ ಅಂತೂ ಕೆಮ್ಮು, ಜ್ವರ, ಗಾಯ ಯಾವುದಕ್ಕೂ ಏರುತ್ತದೆ, ಸ್ಟ್ರೋಕ್ ಆದ ಮೇಲೂ ಏರುತ್ತದೆ. ಜೊತೆಗೆ ಇದ್ದದ್ದು ಬೇರೆ, ಕಾರಣ ಬೇರೆ. ಆಫೀಸಿನಲ್ಲಿ ಜೂನಿಯರ್‌ಗಳಿಗೆ ನಾನೇ ಹೇಳಿಕೊಡುವ ಪಾಠವನ್ನು ಅಪ್ಪನ ವಿಷಯದಲ್ಲಿ ಮರೆತಿದ್ದೆ.

ಆದರೆ ಡಾಕ್ಟರ್ ಒಂದು ಟೆಸ್ಟ್ ತಾವಾಗಿಯೇ ಬರೆದರು. ಎನ್‌ಟಿ-ಪ್ರೊಬಿಎನ್‌ಪಿ. ಹೃದಯದ ಸ್ನಾಯು ಒತ್ತಡಕ್ಕೆ ಸಿಕ್ಕಿ ಹಿಗ್ಗಿದಾಗ ರಕ್ತಕ್ಕೆ ಬರುವ ವಸ್ತು ಅದು. ಹೃದಯದಿಂದ ಹಾರಿಬಂದ ಹೆಪ್ಪಿನ ಸ್ಟ್ರೋಕ್‌ನಲ್ಲಿ ಇದು ಉಳಿದ ಗುಂಪುಗಳಿಗಿಂತ ಹೆಚ್ಚಿರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ವರದಿಯಲ್ಲಿ ಮಿತಿ 125 ಅಂತ ಅಚ್ಚಾಗಿತ್ತು. ಅಪ್ಪನದು ಆರುನೂರ ಚಿಲ್ಲರೆ.

"ಹಾಗಾದ್ರೆ ಆ ಬೇರೆ ಮಾತ್ರೆ ಶುರು ಮಾಡಿಬಿಡೋಣ ಸರ್" ಅಂದೆ. ಅವರು ತಲೆ ಆಡಿಸಿದರು. "ಇದು ಬಾಣದ ಗುರುತು ಅಷ್ಟೇ, ಊರಲ್ಲ. ಕಿಡ್ನಿ ತೊಂದರೆಗೂ ಏರುತ್ತೆ, ವಯಸ್ಸಿಗೂ ಏರುತ್ತೆ." ಆರ್ಕೇಡಿಯಾ ಅನ್ನುವ ಪ್ರಯೋಗದ ಕಥೆ ಹೇಳಿದರು. ಸ್ಟ್ರೋಕ್‌ಗೆ ಕಾರಣ ಸಿಗದ, ಆದರೆ ಇದೇ ಟೆಸ್ಟ್ ಏರಿದ್ದೋ, ಮೇಲ್ಕೋಣೆ ಹಿಗ್ಗಿದ್ದೋ, ಇಸಿಜಿಯಲ್ಲಿ ಅಂಥ ಸೂಚನೆ ಇದ್ದದ್ದೋ, ಅಂಥ 1,015 ಜನರನ್ನು ಆರಿಸಿ ಅರ್ಧ ಜನಕ್ಕೆ ಆಸ್ಪಿರಿನ್, ಅರ್ಧ ಜನಕ್ಕೆ ಹೆಪ್ಪುತಡೆ ಮಾತ್ರೆ ಕೊಟ್ಟು ನೋಡಿದರು. 2024ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡೂ ಗುಂಪಿಗೆ ಸ್ಟ್ರೋಕ್ ಮರುಕಳಿಸಿದ್ದು ಒಂದೇ ಸಮ. ಅಂದರೆ ರಕ್ತದ ಸೂಚನೆ ಮಾತ್ರ ನಂಬಿ ಮಾತ್ರೆ ಬದಲಿಸಿದರೆ ಪ್ರಯೋಜನ ಕಾಣಲಿಲ್ಲ. ಹೆಪ್ಪುತಡೆ ಮಾತ್ರೆ ಸುಮ್ಮನೆ ತಿನ್ನುವ ವಸ್ತುವೂ ಅಲ್ಲ, ರಕ್ತ ಸೋರುವ ಅಪಾಯ ಇದೆ. "ಆದ್ರೆ ಎಲ್ಲಿ ಹುಡುಕಬೇಕು ಅಂತ ಇದು ಹೇಳಿದೆ. ಇನ್ನೂ ಸ್ವಲ್ಪ ದಿನ ಹೃದಯಕ್ಕೆ ಕಿವಿ ಕೊಡೋಣ."

ಲಯ ತಪ್ಪುವ ಕಾಯಿಲೆ, ಏಟ್ರಿಯಲ್ ಫಿಬ್ರಿಲೇಶನ್, ಕೆಲವರಲ್ಲಿ ಬಂದು ಹೋಗುತ್ತಿರುತ್ತದೆ. ಕಳ್ಳನ ಹಾಗೆ. ಒಂದು ದಿನ ಕಾವಲು ಕೂತರೆ ಸಿಗೋದಿಲ್ಲ. 2014ರಲ್ಲಿ ಕೆನಡಾದವರು ನಡೆಸಿದ ಅಧ್ಯಯನದಲ್ಲಿ 24 ಗಂಟೆ ನೋಡಿದವರಲ್ಲಿ ನೂರಕ್ಕೆ ಮೂವರಲ್ಲಿ ಇದು ಸಿಕ್ಕರೆ, 30 ದಿನ ನೋಡಿದವರಲ್ಲಿ ನೂರಕ್ಕೆ ಹದಿನಾರು ಜನರಲ್ಲಿ ಸಿಕ್ಕಿತ್ತು. ಅಪ್ಪನ ಎದೆಗೆ 14 ದಿನದ ಪುಟ್ಟ ಪ್ಯಾಚ್ ಅಂಟಿಸಿದರು. ಅಪ್ಪ ಅದನ್ನು ಹಾಕಿಕೊಂಡೇ ಅಂಗಳದಲ್ಲಿ ಕೋಲೂರಿ ನಡೆಯುವ ಅಭ್ಯಾಸ ಮಾಡಿದರು, ಎಡಗೈಯಲ್ಲಿ ಮುದ್ದೆ ಮುರಿಯುವುದನ್ನು ಕಲಿತರು.

ಹನ್ನೊಂದನೇ ದಿನ ಕಳ್ಳ ಸಿಕ್ಕ. ರಾತ್ರಿ ಮೂರು ಗಂಟೆ ಹತ್ತು ನಿಮಿಷಕ್ಕೆ ಶುರುವಾಗಿ ಇಪ್ಪತ್ತೆರಡು ನಿಮಿಷ ಅಪ್ಪನ ಹೃದಯದ ಮೇಲ್ಕೋಣೆ ಬಡಿಯುವ ಬದಲು ನಡುಗುತ್ತಿತ್ತು. ಹಾಗೆ ನಡುಗುವಾಗ ರಕ್ತ ಮುಂದೆ ಸಾಗದೆ ಮೂಲೆಯಲ್ಲಿ ನಿಂತು ಹೆಪ್ಪಾಗುತ್ತದೆ. ಒಂದು ಚೂರು ಕಿತ್ತು ಹೊರಟರೆ ನೇರ ಮೆದುಳಿಗೆ. ಅಪ್ಪನಿಗೆ ಏನೂ ಗೊತ್ತಾಗಿರಲಿಲ್ಲ, ಗೊರಕೆ ಹೊಡೆಯುತ್ತಿದ್ದರಂತೆ. ಡಾಕ್ಟರ್ ಅವತ್ತೇ ಹೆಪ್ಪುತಡೆ ಮಾತ್ರೆ ಬರೆದರು. ಈ ಕಾಯಿಲೆ ಇದ್ದವರಿಗೆ ಸ್ಟ್ರೋಕ್ ಅಪಾಯ ಸುಮಾರು ಐದು ಪಟ್ಟು. ಸರಿಯಾದ ಮಾತ್ರೆ ತಪ್ಪದೆ ತಗೊಂಡರೆ ಅದರಲ್ಲಿ ಮೂರನೇ ಎರಡು ಪಾಲಿನಷ್ಟು ತಪ್ಪಿಸಬಹುದು. ಅಜ್ಜಿಗೂ ಹೀಗೇ ಇತ್ತೇನೋ ಅಂತ ಅಕ್ಕ ಅಂದಳು. ಇನ್ನು ಅದನ್ನು ಯಾರನ್ನು ಕೇಳೋದು?

ಅಮ್ಮ ಅವತ್ತು ಡಾಕ್ಟರ್ ರೂಮಿನಲ್ಲಿ ಮೊದಲ ಸಲ ಬಾಯಿ ಬಿಟ್ಟಳು. "ಸಾರ್, ಹಿಂದಿನ ರಾತ್ರಿ ನಾನು ಇವರಿಗೆ ತುಂಬಾ ಬೈದಿದ್ದೆ. ಅದಕ್ಕೇ..." ಮುಂದೆ ಮಾತು ಬರಲಿಲ್ಲ. ಡಾಕ್ಟರ್ ಪೆನ್ನು ಕೆಳಗಿಟ್ಟರು. "ಒಂದು ರಾತ್ರಿ ಜಗಳಕ್ಕೆ ಹೃದಯದ ಮೇಲ್ಕೋಣೆ ಹಿಗ್ಗಲ್ಲಮ್ಮ. ಅದಕ್ಕೆ ವರ್ಷಗಟ್ಟಲೆ ಬೇಕು. ಇವರ ಬಿಪಿ ಎಷ್ಟು ವರ್ಷದಿಂದ ಇದೆ, ಯಾರಾದ್ರೂ ನೋಡಿಸಿದ್ರಾ?" ಇಲ್ಲ. ನಾವು ಯಾರೂ ನೋಡಿಸಿರಲಿಲ್ಲ. ಬೆಂಗಳೂರಿನಿಂದ ಅಪ್ಪನಿಗೆ ಸ್ಮಾರ್ಟ್‌ಫೋನ್ ತಂದುಕೊಟ್ಟ ನಾನು ಒಂದು ಬಿಪಿ ಮಷೀನ್ ತಂದುಕೊಟ್ಟಿರಲಿಲ್ಲ. ಮೂಲ ಕಾರಣದ ವರದಿಯಲ್ಲಿ ಹೆಸರು ಬರೆಯಲೇಬೇಕು ಅಂದರೆ ಅಲ್ಲಿ ನನ್ನದೂ ಬರುತ್ತದೆ.

ವಾಪಸ್ ಬರುವಾಗ ತರೀಕೆರೆ ದಾಟಿದ ಮೇಲೆ ಅಮ್ಮ ಮತ್ತೆ ಕೇಳಿದಳು: "ಹಂಗಾದ್ರೆ ನಾನು ಬೈದಿದ್ದಕ್ಕಲ್ಲ ಅಲ್ವೇನೇ?" ಅಲ್ಲಮ್ಮ ಅಂದೆ. ಅವಳು ಕಾರಿನ ಕಿಟಕಿಗೆ ತಲೆ ಕೊಟ್ಟು ಅಜ್ಜಂಪುರದ ತನಕ ನಿದ್ದೆ ಮಾಡಿದಳು. ಎಷ್ಟೋ ದಿನದ ನಿದ್ದೆ.

ಒಂದು ವಿಷಯ ಮಾತ್ರ ನನ್ನನ್ನು ಇನ್ನೂ ಕೊರೆಯುತ್ತದೆ. 2021ರಲ್ಲಿ ಹೋದ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ನಮ್ಮ ರಾಜ್ಯ ಹೃದಯ ಜ್ಯೋತಿ ಯೋಜನೆ ತಂದಿದೆ. ತಾಲ್ಲೂಕು ಮಟ್ಟದ ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಹಾರ್ಟ್ ಅಟ್ಯಾಕ್ ಆದವರಿಗೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುವ ಯೋಜನೆ. ಮೆದುಳಿನ ಹೆಪ್ಪಿಗೂ ಇದೇ ಔಷಧ ಬಳಸುತ್ತಾರೆ. ಆದರೆ ಸ್ಕ್ಯಾನ್ ಇಲ್ಲದ ಕಡೆ ಕೊಡುವಂತಿಲ್ಲ, ಯಾಕೆಂದರೆ ನಾಳ ಒಡೆದಿದ್ದರೆ ಅದೇ ವಿಷ.

ಇಲ್ಲೇ ರಕ್ತದ ಇನ್ನೊಂದು ಗುರುತು ಆಸೆ ಹುಟ್ಟಿಸುತ್ತದೆ. ಅದರ ಹೆಸರು ಜಿಎಫ್‌ಎಪಿ. ಮೆದುಳಿನ ನರಕೋಶಗಳಿಗೆ ಆಸರೆಯಾಗಿರುವ ಕೋಶಗಳ ಒಳಗಿನ ಪ್ರೋಟೀನು. ನಾಳ ಒಡೆದು ರಕ್ತ ನುಗ್ಗಿದಾಗ ಆ ಕೋಶಗಳು ತಕ್ಷಣ ಹರಿದು ಇದು ರಕ್ತಕ್ಕೆ ಸೋರುತ್ತದೆ. ಹೆಪ್ಪುಗಟ್ಟಿದಾಗ ಕೋಶಗಳು ನಿಧಾನ ಸಾಯುವುದರಿಂದ ತಡವಾಗಿ ಬರುತ್ತದೆ. ಹಾಗಾಗಿ ಮೊದಲ ಕೆಲವು ಗಂಟೆಯಲ್ಲಿ ಇದು ಜಾಸ್ತಿ ಇದ್ದರೆ ನಾಳ ಒಡೆದಿದೆ ಎಂಬ ಸೂಚನೆ ಅಂತ ಜರ್ಮನಿಯ ಸಂಶೋಧಕರು ಸುಮಾರು ಇಪ್ಪತ್ತು ವರ್ಷದ ಹಿಂದೆ ತೋರಿಸಿದರು. ಇದನ್ನು 15 ನಿಮಿಷದಲ್ಲಿ ಅಳೆಯುವ, ಕೈಯಲ್ಲಿ ಹಿಡಿಯುವ ಯಂತ್ರಕ್ಕೆ 2024ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ. ಆದರೆ ತಲೆಗೆ ಪೆಟ್ಟು ಬಿದ್ದವರಿಗಾಗಿ. ಸ್ಟ್ರೋಕ್‌ಗೆ ಇನ್ನೂ ಸಂಶೋಧನೆಯ ಹಂತ. ಸಣ್ಣ ರಕ್ತಸ್ರಾವ ತಪ್ಪಿಹೋಗಬಹುದು ಅನ್ನುವ ಭಯ ಇದೆ. ಇವತ್ತಿಗೆ ಸ್ಕ್ಯಾನ್‌ಗೆ ಬದಲಿ ಇಲ್ಲ. ಆದರೂ ಶಿವಮೊಗ್ಗ ಬಾ ಅನ್ನುತ್ತಿರುವಾಗ, ಕಡೂರು ಬಾ ಅನ್ನುತ್ತಿರುವಾಗ, ಬೆರಳ ತುದಿಯ ರಕ್ತ ಒಂದು ದಾರಿ ತೋರಿಸಿದ್ದರೆ ಅಂತ ಅನ್ನಿಸದೇ ಇರದು.

ಆ ದಿನ ಬರುವ ತನಕ ಓದುಗರಲ್ಲಿ ನನ್ನದೊಂದು ವಿನಂತಿ. ಮುಖ ಸೊಟ್ಟಗಾದರೆ, ಕೈ ಬಿದ್ದರೆ, ಮಾತು ತೊದಲಿದರೆ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಿ. ನಿಮ್ಮ ಊರಿಗೆ ಅದು ಯಾವುದು ಅಂತ ಇವತ್ತೇ ತಿಳಿದಿಟ್ಟುಕೊಳ್ಳಿ, 108ರ ನಂಬರಿನ ಜೊತೆಗೆ. ಕೊನೇ ಸಲ ಸರಿಯಾಗಿದ್ದ ಹೊತ್ತು ನೆನಪಿಡಿ. ಬಾಯಿಗೆ ಏನೂ ಹಾಕಬೇಡಿ. ಜೀವ ಉಳಿಯಿತು ಅಂತ ಮನೆಗೆ ಹೊರಡುವ ಮುಂಚೆ "ಯಾಕಾಯ್ತು?" ಅಂತ ಡಾಕ್ಟರನ್ನು ಕೇಳಿ. ಗೊತ್ತಾಗಲಿಲ್ಲ ಅಂದರೆ, ಮುಂದೆ ಎಲ್ಲಿ ಹುಡುಕೋದು ಅಂತ ಕೇಳಿ.

ಅಪ್ಪ ಈಗ ಕೋಲಿಲ್ಲದೆ ತೋಟದ ತನಕ ಹೋಗುತ್ತಾರೆ. ಬಲಗೈ ಬೆರಳು ಇನ್ನೂ ಪೂರ್ತಿ ಮಡಚೋದಿಲ್ಲ. ಮಾತು ನಿಧಾನ, ಆದರೆ ಸ್ಪಷ್ಟ. ಮಾತ್ರೆ ದಿನಕ್ಕೆ ಎರಡು ಹೊತ್ತು, ಒಂದು ಹೊತ್ತೂ ತಪ್ಪುವ ಹಾಗಿಲ್ಲ. ಹೋದ ಭಾನುವಾರ ಫೋನ್ ಮಾಡಿದಾಗ ಹಿಂದಿನಿಂದ ಅಮ್ಮನ ದನಿ ಜೋರಾಗಿ ಕೇಳಿಸುತ್ತಿತ್ತು. "ಎಂಟು ಗಂಟೆ ಆಯ್ತು, ಮಾತ್ರೆ ಯಾರು ತಗೋತಾರೆ? ಎಷ್ಟು ಸಲ ಬಾಯಿ ಬಡ್ಕೊಳ್ಳೋದು ನಾನು?"

"ನೋಡು ಪುಟ್ಟಿ, ಮತ್ತೆ ಶುರು ಮಾಡಿದ್ಲು" ಅಂದರು ಅಪ್ಪ. ನಗುತ್ತಿದ್ದರು.